ಹಗ್ಗದ ಮೇಲೆ ಕಾಲಿಟ್ಟವರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವರಿಗೆ ಬಿಳಿ ಸೀರೆ, ಗೆಜ್ಜೆ ಸದ್ದು ಇಲ್ಲದೆ ಮಾತೇ ಹೊರಡುವುದಿಲ್ಲ. ನಾನು ಹೇಳುವುದರಲ್ಲಿ ಅದೆಲ್ಲ ಇಲ್ಲ. ಇದು ನನ್ನ ಅಂಗಾಲಿಗೂ ಎಡ ಭುಜಕ್ಕೂ ಗೊತ್ತಾದ ವಿಷಯ. ಕಣ್ಣು ಮೋಸ ಮಾಡಬಹುದು, ಒಪ್ಪುತ್ತೇನೆ. ಅಂಗಾಲು ಯಾಕೆ ಸುಳ್ಳು ಹೇಳುತ್ತದೆ?

ಎಂಬತ್ತರ ದಶಕದ ಕೊನೆ. ನಾನು ಮಸ್ಕತ್ತಿನಲ್ಲಿದ್ದೆ. ನಮ್ಮ ಕಫೀಲ್, ಅಂದರೆ ನಮ್ಮನ್ನು ಕೆಲಸಕ್ಕಿಟ್ಟುಕೊಂಡ ಅರಬಿ ಧಣಿ, ಭಾರೀ ಶೋಕಿಯ ಮನುಷ್ಯ. ಹಳೆಯ ಕಾಲದ ದೊಡ್ಡ ಹಾಯಿಹಡಗೊಂದನ್ನು ಎಲ್ಲಿಂದಲೋ ಕೊಂಡು ತಂದಿದ್ದರು. ನಮ್ಮೂರಿನ ಮಚ್ವೆ ದೋಣಿಗಳ ಮೂರು ಮೂಲೆಯ ಹಾಯಿ ಅಲ್ಲ, ಬಾಗಿಲಿನ ಪರದೆಯ ಹಾಗೆ ನಾಲ್ಕು ಮೂಲೆಯ ಹಾಯಿ. ಅವರ ಅತಿಥಿಗಳನ್ನು ಹತ್ತಿಸಿಕೊಂಡು ಸೊಹಾರ್ ಬಂದರಿನವರೆಗೆ ಹೋಗುವುದು, ಬರುವುದು. ಹಾಯಿ ಬಿಚ್ಚಿ ಸುತ್ತುವ ಕೆಲಸಕ್ಕೆ ನಾವು.

ನಾವು ಎಂದರೆ ಮೊದಲು ದಾಮೋದರ ಭಾವ, ನನ್ನ ಲೀಲಕ್ಕನ ಗಂಡ. ಅವರೇ ನನಗೆ ವೀಸಾ ಮಾಡಿಸಿ ಕರೆಸಿಕೊಂಡದ್ದು. ಜೊತೆಗೆ ಉಳ್ಳಾಲದ ಬ್ಯಾರಿ ಹಂಝಾಕ. ಮೂವರಿಗೂ ಘಾಲಾದ ಗ್ಯಾರೇಜುಗಳ ಹಿಂದೆ ಒಂದೇ ರೂಮು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಕೆಲಸ ಹೇಗೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎತ್ತರದ ಹಾಯಿಮರಕ್ಕೆ ಅಡ್ಡಲಾಗಿ ಉದ್ದನೆಯ ಮರ ಕಟ್ಟಿರುತ್ತದೆ. ಹಾಯಿ ಅದರಿಂದ ಕೆಳಗೆ ಇಳಿಬಿದ್ದಿರುತ್ತದೆ. ಗಾಳಿ ಜೋರಾದರೆ ಹಗ್ಗದ ಏಣಿ ಹತ್ತಿ, ಆ ಅಡ್ಡಮರದ ಮೇಲೆ ಹೊಟ್ಟೆ ಊರಿ ಬಗ್ಗಿ, ಎರಡೂ ಕೈಯಿಂದ ಹಾಯಿಯನ್ನು ಮೇಲಕ್ಕೆಳೆದು ಸುತ್ತಿ ಕಟ್ಟಬೇಕು. ಸೊಂಟದ ಬೆಲ್ಟಿನ ಕೊಂಡಿಯನ್ನು ಮರಕ್ಕೆ ಸಿಕ್ಕಿಸಿರುತ್ತೇವೆ. ಕಾಲಿಗೆ ಆಧಾರ ಮರದ ಕೆಳಗೆ ಜೋತುಬಿದ್ದ ಒಂದೇ ಒಂದು ಹಗ್ಗ.

ಆ ಹಗ್ಗದ ಗುಣವೇನೆಂದರೆ, ಇನ್ನೊಬ್ಬ ಕಾಲಿಟ್ಟ ಕೂಡಲೇ ಅದು ಬಿಗಿದು ಉಳಿದವರ ಕಾಲನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದಕ್ಕೇ ಕಾಲಿಡುವ ಮೊದಲು ಕೂಗಿ ಹೇಳಬೇಕು. ಹಗ್ಗದ ಮೇಲಿದ್ದವರು 'ಇಡು' ಎನ್ನಬೇಕು. ಬೇರೆಯವರೆಲ್ಲ ಹಿಂದಿಯಲ್ಲಿ ಕೂಗಿದರೆ ಭಾವ ಮಾತ್ರ ತುಳುವಿನಲ್ಲೇ, "ಕಾರ್ ದೀಪೆ!" ಎನ್ನುತ್ತಿದ್ದರು. ಕಾಲಿಡುತ್ತೇನೆ ಅಂತ ಅರ್ಥ. ನಾನು "ದೀಲೆ!" ಎನ್ನುತ್ತಿದ್ದೆ. ಅಡ್ಡಮರದ ಎಡ ತುದಿ ಯಾವಾಗಲೂ ಅವರದ್ದೇ. "ನಿನಗೆ ಅಲ್ಲಿ ತಲೆ ತಿರುಗ್ತದೆ ಮಾರಾಯ, ನೀನು ನಡುವಲ್ಲೇ ಇರು" ಎಂದು ನಗುತ್ತಿದ್ದರು.

ಒಂದು ಚಳಿಗಾಲ ಸಹಮ್ ಊರಿನ ಎದುರು, ನಡುಕಡಲಲ್ಲಿ ಭಾವ ಆ ತುದಿಯಿಂದ ಬಿದ್ದರು. ಕೆಲಸ ಮುಗಿಸಿ ಕೊಂಡಿ ಬಿಚ್ಚಿ ಸರಿಯುವಾಗ ಹಡಗು ಒಮ್ಮೆಲೇ ವಾಲಿತು. ನಾನು ಕೆಳಗೆ ಡೆಕ್ಕಿನ ಮೇಲಿದ್ದೆ. ಅವರು ಕೂಗಲೂ ಇಲ್ಲ... ನೀರಿನ ಸದ್ದು ಮಾತ್ರ ಕೇಳಿತು.

ಸಹಮಿನ ಮೀನುಗಾರರು ಪಾಪ, ದಿನಗಟ್ಟಲೆ ದೋಣಿ ತಂದು ಹುಡುಕಿದರು. ಹೆಣ ಸಿಗಲಿಲ್ಲ.

ಹೆಣ ಸಿಗಲಿಲ್ಲವಾದ್ದರಿಂದ ಅಕ್ಕ ಬೊಜ್ಜ ಮಾಡಲು ಬಿಡಲಿಲ್ಲ. ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರಿಗೆ ಮಾಡುವ ಕೊನೆಯ ಕಾರ್ಯ. ಅದು ಆಗದೆ ಸತ್ತವರಿಗೂ ದಾರಿಯಿಲ್ಲ, ಇದ್ದವರಿಗೂ ಇಲ್ಲ. ಅಕ್ಕ ಅಳಲೂ ಇಲ್ಲ. ಬಳೆ ತೆಗೆಯಲಿಲ್ಲ. ವರ್ಷ ತುಂಬುತ್ತಾ ಬಂದಾಗ ಅಮ್ಮ ಫೋನಿನಲ್ಲಿ ಅತ್ತರು. "ಅವಳು ಯಾರ ಮಾತೂ ಕೇಳುದಿಲ್ಲ ಮಗ. ತಮ್ಮ ಬಂದು ಅವರಿಲ್ಲ ಅಂತ ಹೇಳಿದ್ರೆ ಮಾತ್ರ ಮಾಡುವ ಅಂತಾಳೆ. ನೀನು ಬಂದು ಹೇಳು."

ನಾನು ಏನೆಂದು ಹೇಳಲಿ? ನಾನು ಕಂಡದ್ದಾದರೂ ಏನು? ರಜೆಗೆ ಇನ್ನೊಂದು ತಿಂಗಳಿತ್ತು.

ಅಷ್ಟರಲ್ಲಿ ಆ ರಾತ್ರಿ ಬಂತು.

ಸೊಹಾರಿಗೆ ಹೋಗುತ್ತಿದ್ದೆವು. ಕತ್ತಲಾದ ಮೇಲೆ ಶಮಾಲ್ ಗಾಳಿ ಎದ್ದಿತು, ಜೊತೆಗೆ ಆ ದೇಶದಲ್ಲಿ ಅಪರೂಪದ ಮಳೆ. ಎಡಗಡೆ ದೂರದಲ್ಲಿ ಸಹಮಿನ ದೀಪಗಳು ಮಿಣುಕುತ್ತಿದ್ದವು. ಹಡಗು ನಡೆಸುವ ನಾಖುದಾ ಸಲೀಂ ಕೆಳಗಿನಿಂದ ಅರಚಿದ: "ಯಲ್ಲಾ, ಯಲ್ಲಾ! ಊಪರ್ ವಾಲಾ ಬಂದ್ ಕರೋ!"

ಮೇಲಿನ ಹಾಯಿ ಸುತ್ತಲು ಎಡಗಡೆಗೆ ನಾನೂ ಹಂಝಾಕನೂ ಹತ್ತಿದೆವು. ಹಂಝಾಕ ಹಾಯಿಮರದ ಹತ್ತಿರ ನಿಂತರು, ಅವರಿಂದಾಚೆ ನಾನು. ನನ್ನಿಂದಾಚೆ ತುದಿಯವರೆಗೆ ಯಾರೂ ಇಲ್ಲ. ಅಲ್ಲಿಗೆ ಹೋಗಬೇಕಾದರೆ ನನ್ನ ಬೆನ್ನ ಹಿಂದಿನಿಂದಲೇ ದಾಟಬೇಕು. ಬೇರೆ ದಾರಿಯಿಲ್ಲ.

ಒದ್ದೆಯಾದ ಹಾಯಿ ಹಲಗೆಯಷ್ಟು ಗಟ್ಟಿಯಾಗಿತ್ತು. ಉಗುರು ಕಿತ್ತು ಬರುವ ಹಾಗೆ ಎಳೆದರೂ ಬರುವುದಿಲ್ಲ. ತುದಿಯ ಭಾಗ ಗಾಳಿಗೆ ಸಿಕ್ಕಿ ಧಡ್ ಧಡ್ ಎಂದು ಬಡಿಯುತ್ತಿತ್ತು. ಅದನ್ನು ಹಿಡಿಯದಿದ್ದರೆ ಉಳಿದದ್ದೂ ಕೈಬಿಡುತ್ತದೆ ಅಂತ ಗೊತ್ತಿತ್ತು. ಆದರೂ ಆ ತುದಿಗೆ ಸರಿಯಲು ನನ್ನ ಕಾಲು ಏಳಲಿಲ್ಲ.

ಆಗ ಕೇಳಿಸಿತು...

"ಕಾರ್ ದೀಪೆ."

ಕೂಗಿದ್ದಲ್ಲ. ಪಕ್ಕದಲ್ಲಿದ್ದವರು ಹೇಳುವಷ್ಟೇ ಮೆಲ್ಲಗೆ. ತುದಿಯ ಕಡೆಯಿಂದ.

ನನ್ನ ಬಾಯಿ ಅಭ್ಯಾಸಬಲದಿಂದ ತಾನಾಗಿ "ದೀಲೆ" ಎಂದುಬಿಟ್ಟಿತು. ಮರುಕ್ಷಣ ಹಗ್ಗ ಬಿಗಿದು ನನ್ನ ಅಂಗಾಲನ್ನು ಮೇಲಕ್ಕೆತ್ತಿತು. ಒಬ್ಬ ಪೂರಾ ಮನುಷ್ಯನ ಭಾರ ಎಷ್ಟೋ, ಅಷ್ಟು.

ಹಂಝಾಕ ನನ್ನ ಬಲಗಡೆ ಇದ್ದರು, ಅವರ ಏದುಸಿರು ಕೇಳುತ್ತಿತ್ತು. ಎಡಗಡೆ... ಒಂದು ಭುಜ ಬಂದು ನನ್ನ ಭುಜಕ್ಕೆ ತಾಗಿತು.

ತಿರುಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ. ಅಲ್ಲಿ ಇದ್ದಿದ್ದರೆ ಅವರೂ ನೋಡುತ್ತಿರಲಿಲ್ಲ.

ಬಿಸಿಲಿಗೆ ಹಾಕಿ ಆಗಷ್ಟೇ ತೆಗೆದ ಬಟ್ಟೆಯ ವಾಸನೆ ಮೂಗಿಗೆ ಬಂತು. ನನ್ನ ತಲೆಯಿಂದ ನೀರು ಸುರಿಯುತ್ತಿತ್ತು, ಅಂಗಿ ಮೈಗೆ ಅಂಟಿತ್ತು, ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಆದರೆ ನನಗೆ ತಾಗಿದ ಆ ಅಂಗಿ ಒಣಗಿತ್ತು. ಗರಿಗರಿಯಾಗಿ ಒಣಗಿತ್ತು. ಒಳಗಿನ ಮೈ ಬೆಚ್ಚಗಿತ್ತು.

ಹೆದರಿಕೆಗಿಂತ ಮೊದಲು ಅಳು ಬಂತು. "ಭಾವ," ಎಂದೆ. "ಅಕ್ಕನಿಗೆ ಎಂತ ಹೇಳ್ಲಿ ಭಾವ?"

ಪಕ್ಕದಲ್ಲಿ ಉಸಿರು ಕೇಳುತ್ತಿತ್ತು. ಮತ್ತೆ ಕೇಳಿದೆ.

"ಅವಳು ಕಾಯ್ತಾ ಇದ್ದಾಳೆ. ನಾನೆಂತ ಹೇಳ್ಲಿ?"

"ಎಳಿ ಮಾರಾಯ," ಎಂದಿತು ಆ ಸ್ವರ. "ಮೊದಲು ಇದನ್ನು ಎಳಿ."

ಎಳೆದೆ. ಅಳುತ್ತಾ ಎಳೆದೆ. ಹಲಗೆಯಂತಿದ್ದ ಹಾಯಿ ಈಗ ಚಾಪೆಯ ಹಾಗೆ ಸುತ್ತಿಕೊಂಡು ಬಂತು. ತುದಿಯ ಬಡಿತ ನಿಂತಿತು. ಕಟ್ಟುವ ಹಗ್ಗವನ್ನು ನಾನು ಬಿಗಿಯುತ್ತಿದ್ದಾಗ ಅಂಗಾಲಿನ ಕೆಳಗೆ ಹಗ್ಗ ಮೆಲ್ಲಗೆ ಸಡಿಲವಾಯಿತು. ಭುಜದ ಬಿಸಿ ಹೋಯಿತು. ಯಾರೂ ಬಿದ್ದ ಸದ್ದಾಗಲಿಲ್ಲ. ಯಾರೂ ನನ್ನ ಹಿಂದಿನಿಂದ ದಾಟಿಯೂ ಹೋಗಲಿಲ್ಲ.

ಕೆಳಗೆ ಇಳಿದ ಮೇಲೆ ಹಂಝಾಕ ನನ್ನನ್ನು ದೀಪದ ಹತ್ತಿರ ಎಳೆದುಕೊಂಡರು.

"ನೀನು ದೀಲೆ ಅಂತ ಯಾರಿಗೆ ಹೇಳಿದ್ದು?"

"ನಿಮಗೆ ಕೇಳಿಸಿತಾ?"

"ನಿನ್ನ ಸ್ವರ ಕೇಳ್ತು. ಮತ್ತೆ ಹಗ್ಗ ಎದ್ದದ್ದು ನನ್ನ ಕಾಲಿಗೂ ಗೊತ್ತಾಯ್ತು." ಸುತ್ತ ಒಮ್ಮೆ ನೋಡಿ, "ಖಲಾಸ್. ಇದನ್ನು ಯಾರ ಹತ್ರವೂ ಹೇಳ್ಬೇಡ," ಎಂದರು. ಅವರು ಮತ್ತೆ ಆ ಮಾತು ಎತ್ತಲಿಲ್ಲ, ನನ್ನನ್ನೂ ಎತ್ತಲು ಬಿಡಲಿಲ್ಲ.

ಬೆಳಿಗ್ಗೆ ನೋಡಿದರೆ ಎಡ ತುದಿಯ ಹಾಯಿ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ನಾನು ನಿಂತ ಜಾಗದಿಂದ ನನ್ನ ಕೈ ಅಲ್ಲಿಗೆ ಎಟಕುವುದಿಲ್ಲ.

ರಜೆಗೆ ಊರಿಗೆ ಹೋದೆ. ವಿಮಾನದಲ್ಲಿ ಮನಸ್ಸು ಸ್ವಲ್ಪ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೂ ಅಕ್ಕನಿಗೆ ಹೇಳಲು ನನ್ನ ಹತ್ತಿರ ಏನೋ ಒಂದಿತ್ತು. ಬದುಕಿದ್ದವರು ಹಾಗೆ ನಡುಕಡಲಲ್ಲಿ ಬಂದು ನಿಲ್ಲುವುದಿಲ್ಲ. ಭಾವ ಹೋಗಿದ್ದಾರೆ, ನನಗೆ ಗೊತ್ತಾಗಲಿ ಎಂದೇ ಬಂದಿದ್ದಾರೆ. ಇನ್ನು ಕಾರ್ಯ ಮಾಡಿ ಅವರನ್ನು ಕಳಿಸಿಕೊಡಬಹುದು, ಅಕ್ಕ ಒಂದು ಸಲ ಬಾಯಿಬಿಟ್ಟು ಅತ್ತು ಹಗುರಾಗಬಹುದು.

ಅಡುಗೆಮನೆಯಲ್ಲಿ ಅಕ್ಕನ ಎದುರು ಕೂತು ಎಲ್ಲವನ್ನೂ ಹೇಳಿದೆ. ಅಮ್ಮ ಬಾಗಿಲಿನ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅಕ್ಕ ಮೀನಿನ ಮಡಕೆಯ ಮೇಲೆ ಕಣ್ಣಿಟ್ಟು ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಅಂಗಿ ಒದ್ದೆ ಇತ್ತಾ?"

ಪಾಪ, ವರ್ಷವಿಡೀ ಇವಳು ಗಂಡನನ್ನು ನೀರಿನ ಅಡಿಯಲ್ಲೇ ಕಾಣುತ್ತಿದ್ದಳಲ್ಲ ಅನಿಸಿತು.

"ಇಲ್ಲ ಅಕ್ಕ. ಒಣಗಿತ್ತು. ಮೈ ಬೆಚ್ಚಗೇ ಇತ್ತು."

ಅಕ್ಕ ತಲೆಯೆತ್ತಿದಳು. ವರ್ಷದ ಮೇಲೆ ಅವಳ ಮುಖದಲ್ಲಿ ಜೀವ ಬಂದದ್ದನ್ನು ನಾನು ಕಂಡೆ. ಅಮ್ಮನ ಕಡೆ ತಿರುಗಿ ಹೇಳಿದಳು: "ಹಾಗಾದ್ರೆ ಅವರಿಗೆ ದಡ ಸಿಕ್ಕಿದೆ ಅಮ್ಮ, ಎಲ್ಲೋ ಬದುಕಿದ್ದಾರೆ. ಬೊಜ್ಜದ ಮಾತು ಇನ್ನು ಈ ಮನೆಯಲ್ಲಿ ಬೇಡ."

ನಾನು ಎಷ್ಟು ಹೇಳಿದೆ! ಬೈದೆ, ಕಾಲು ಹಿಡಿದೆ. ಅವಳು ನಗುತ್ತಾ, "ನೀನೇ ಮುಟ್ಟಿದ್ದಲ್ಲವಾ?" ಎಂದಳು.

ಅಕ್ಕನ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಬಳೆ ಹಾಗೇ ಇವೆ. ನಾನು ಆ ಕೆಲಸ ಬಿಟ್ಟು ಊರು ಸೇರಿ ಎಷ್ಟೋ ಕಾಲವಾಯಿತು. ಹೊರಗೆ ಯಾರಾದರೂ ಗಂಡಸರ ಚಪ್ಪಲಿ ಸದ್ದಾದರೆ ಅವಳು ಈಗಲೂ ಕೈಕೆಲಸ ನಿಲ್ಲಿಸುತ್ತಾಳೆ. ಅವಳನ್ನು ನೋಡುವಾಗ ಒಂದೊಂದು ಸಲ ನನಗೇ ಅನುಮಾನ... ಆ ರಾತ್ರಿ ಬಂದವರು ಎಲ್ಲಿಂದ ಬಂದರು?

ಒದ್ದೆ ಇತ್ತು ಎಂದು ಒಂದು ಮಾತು ಹೇಳಿದ್ದರೆ ಅವಳು ಅವತ್ತೇ ಅತ್ತು ಮುಗಿಸುತ್ತಿದ್ದಳು. ಗೊತ್ತಿದೆ. ಆದರೆ ಏನು ಮಾಡಲಿ, ಅಂಗಿ ಒಣಗಿಯೇ ಇತ್ತು.