ಅದೇ ಪದ, ಮತ್ತೆ

ಟಿ.ಬಿ. ಡ್ಯಾಂ ಕಾಲೊನಿಯಲ್ಲಿ, ಕಾಲುವೆ ಕಚೇರಿಯ ಗುಮಾಸ್ತರಾದ ನಮಗೆ ಸಂಜೆ ಇಂಗ್ಲಿಷ್ ಬರೆಯಲು ಕಲಿಸುತ್ತಿದ್ದ ಮಾಸ್ತರಿಗೆ ಸರ್ವನಾಮಗಳ ಮೇಲೆ ನಂಬಿಕೆ ಇರಲಿಲ್ಲ. ನಾವು ‘ಇಟ್’, ‘ಷಿ’ ಎಂದು ಬರೆದರೆ ಸೀಮೆಸುಣ್ಣದಿಂದ ಮೇಜು ಕುಟ್ಟುತ್ತಿದ್ದರು.

“ಅದ ಪದ ಮತ್ತ ಬರೀರಿ. ಪದ ಬಿಟ್ರ ಓದೋರು ದಾರಿ ತಪ್ಪತಾರ.”

ಒಂದು ದಿನ ಬಟ್ಟೆ ಒಗೆಯಲು ಕಾಲುವೆಗೆ ಹೋದ ಅವರ ಹೆಂಡತಿ ತಿರುಗಿ ಬರಲಿಲ್ಲ. ದೇಹವೂ ಸಿಗಲಿಲ್ಲ. ಕೆಲವು ವಾರಗಳ ನಂತರ ಮಾಸ್ತರು ಮತ್ತೆ ಪಾಠಕ್ಕೆ ಬಂದರು. ಬಂದವರೇ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಒಬ್ಬ ಹೆಂಗಸು ಕಾಲುವೆಗೆ ಇಳಿದಳು. ಆ ಹೆಂಗಸು ಕಾಲುವೆಯಿಂದ ಮೇಲೆ ಹತ್ತಿದಳು. ಆ ಹೆಂಗಸು ರಸ್ತೆ ದಾಟಿದಳು. ಆ ಹೆಂಗಸು ಕಾಲೊನಿಗೆ ಬಂದಳು.

ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ನಮ್ಮ ಹಿರಿಯ ಗುಮಾಸ್ತರು, “ಸಾಕ್ರಿ ಸರ್, ಮನಿಗೆ ಹೋಗೂಣು ಬರ್ರಿ,” ಎಂದರು.

“ಸುಮ್ಮನಿರ್ರಿ. ಈಗ ನಾ ಪದ ಬಿಟ್ರ ಆಕಿ ದಾರಿ ತಪ್ಪತಾಳ.”

ಆ ಹೆಂಗಸು ಬಾಗಿಲಲ್ಲಿ ನಿಂತಳು ಎಂದು ಬರೆದು ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. ಬಾಗಿಲ ಕಡೆ ತಿರುಗಿ, ನಮ್ಮೊಡನೆ ಎಂದೂ ಆಡದಷ್ಟು ಮೆಲ್ಲಗಿನ ದನಿಯಲ್ಲಿ, “ಬಾ, ಕುಂದ್ರು,” ಎಂದರು.

ನಾವ್ಯಾರೂ ಅತ್ತ ನೋಡಲಿಲ್ಲ. ಹಿರಿಯ ಗುಮಾಸ್ತರು ಮಾತ್ರ ತಲೆ ತಗ್ಗಿಸಿ, ಬೆಂಚಿನಲ್ಲಿ ಸರಿದು ಜಾಗ ಬಿಟ್ಟರು.