ತಿರುಗುವ ಬಿಸಿನೀರು

ಅವ್ವ ತನಗಾಗಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಕಡಿಮೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಗ್ಗಾವಿಯ ನಮ್ಮ ಮನೆಯಲ್ಲಿ ಒಂದು ಚಳಿಗಾಲದ ಮುಂಜಾನೆ ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತ, "ಒಂದು ದಿನಾನರ ಮೈಗೆ ಸುಡುಸುಡು ನೀರು ಬಿದ್ರ ಛಲೋ ಆಗ್ತಿತ್ರಿ" ಅಂದಳು. ಅಷ್ಟೇ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹಂಡೆ ಹಳೇದಾತು" ಎಂದ. ಪಕ್ಕದಲ್ಲಿ ಕುಳಿತಿದ್ದ ಕಾಕಾ, ಎಂದರೆ ಅಪ್ಪನ ತಮ್ಮ, "ಹಂಡೆ ಕಾಲ ಮುಗೀತು ಅಣ್ಣ" ಎಂದ. ಬಿಸಿನೀರಿನ ಹುಡುಕಾಟ, ಚೌಕಶಿ ಹೀಗೆ ಶುರುವಾಯಿತು. ಅವ್ವನನ್ನು ಆಮೇಲೆ ಯಾರೂ ಏನೂ ಕೇಳಲಿಲ್ಲ.

ಪಾಪ, ಹಂಡೆಯದು ತಪ್ಪೇನೂ ಇರಲಿಲ್ಲ. ಹಿತ್ತಲ ಬಚ್ಚಲಿನಲ್ಲಿ ಒಲೆಯ ಮೇಲೆ ಕುಳಿತ ಆ ತಾಮ್ರದ ಹಂಡೆಗೆ ಅಜ್ಜಿಯ ಒಂದು ಕಾಯಿದೆಯಿತ್ತು. ಹಂಡೆ ಎಂದೂ ಬರಿದಾಗಬಾರದು. ಎಷ್ಟು ಬಿಸಿನೀರು ತೋಡಿಕೊಂಡೆವೋ ಅಷ್ಟು ತಣ್ಣೀರು ಸುರುವಿಯೇ ಹೊರಗೆ ಬರಬೇಕು. ಮೊದಲು ಅಪ್ಪ, ಆಮೇಲೆ ಕಾಕಾ. ಅವರಿಬ್ಬರ ಜಳಕ ಮುಗಿಯಿತೆಂದರೆ ಒಲೆಯ ಕೆಂಡವೆಲ್ಲ ಅಪ್ಪನ ಇಸ್ತ್ರಿ ಪೆಟ್ಟಿಗೆಗೆ ಹೋಗುತ್ತಿತ್ತು. ಇಸ್ತ್ರಿಯಿಲ್ಲದ ಕೋಟು ಹಾಕಿಕೊಂಡು ಅವನು ದಲಾಲಿಯ ಅಡತಿ ಅಂಗಡಿಯ ಗಾದಿಯ ಮೇಲೆ ಕೂಡುವವನಲ್ಲ. ನಂತರ ಅಜ್ಜಿ, ನಾವು ಮಕ್ಕಳು. ರೊಟ್ಟಿ ಬಡಿದು, ಎಲ್ಲರ ಊಟದ ತಾಟು ತೊಳೆದು ಅವ್ವ ಬಚ್ಚಲಿಗೆ ಹೋಗುವ ಹೊತ್ತಿಗೆ ಒಲೆಯಲ್ಲಿ ಬೂದಿ, ಹಂಡೆಯಲ್ಲಿ ನಾವೆಲ್ಲ ಸುರುವಿದ ತಣ್ಣೀರು. ಇದು ನನಗೂ ಗೊತ್ತಿತ್ತು, ಒಲೆಯ ಮುಂದೆ ಮಲಗುತ್ತಿದ್ದ ಬೆಕ್ಕಿಗೂ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಅವನು ಹೋದಾಗ ನೀರು ಯಾವತ್ತೂ ಬಿಸಿಯಾಗಿಯೇ ಇರುತ್ತಿತ್ತಲ್ಲ. ನಾನು ಒಮ್ಮೆ ಹೇಳಲು ಹೋದೆ. "ಹೆಣ್ಣುಹುಡುಗಿ, ದೊಡ್ಡವರ ಮಾತಿನಾಗ ಬಾಯಿ ಹಾಕಬ್ಯಾಡ" ಎಂದು ಅಜ್ಜಿ ಗದರಿದಳು.

ಅಪ್ಪ, ಕಾಕಾ ಹೆಗಲಿಗೆ ಟವೆಲು ಹಾಕಿಕೊಂಡು ಊರೂರು ತಿರುಗಿದರು. ಯಾರ ಮನೆಯಲ್ಲಿ ಏನಿದೆ ಎಂದು ನೋಡಿ ಬರುವುದಷ್ಟೇ ಅಲ್ಲ, ಜಳಕ ಮಾಡಿಯೇ ಬರಬೇಕೆಂದು ಇಬ್ಬರೂ ಹಟ ತೊಟ್ಟಿದ್ದರು. ಸವಣೂರಿನ ಬೀಗರ ಮನೆಯಲ್ಲಿ ಬಂಬ ಇತ್ತು. ತಾಮ್ರದ ದೊಡ್ಡ ಹೊಟ್ಟೆ, ನಡುವೆ ಕೆಂಡ ತುಂಬುವ ಕೊಳವೆ; ಮೇಲೆ ತಣ್ಣೀರು ಸುರುವಿದರೆ ಪಕ್ಕದ ಮೂತಿಯಿಂದ ಬಿಸಿನೀರು ಉಕ್ಕುವುದು. ಅತಿಥಿಗಳೆಂದು ಇವರಿಗೇ ಮೊದಲ ನೀರು. "ಬೆಂಕಿ ಇದ್ದಂಗ ಐತಿ" ಎನ್ನುತ್ತ, ಎಲೆ ಅಡಿಕೆ ಜಗಿಯುತ್ತ ತಿರುಗಿ ಬಂದರು.

ಹಾನಗಲ್ಲಿನಲ್ಲಿ ಒಬ್ಬರು ಮಾಳಿಗೆಯ ಮೇಲೆ ಡ್ರಮ್ಮಿಗೆ ಕರಿಬಣ್ಣ ಬಳಿದು ಬಿಸಿಲಿಗಿಟ್ಟಿದ್ದರು. ಇವರು ಅಲ್ಲಿಗೆ ಹೋಗಿ ಮುಟ್ಟಿದ್ದು ಮಂಜು ಕರಗದ ಮುಂಜಾನೆ. ಬಂದವರಿಗೆ ತಣ್ಣೀರು ಕೊಟ್ಟು ಮರ್ಯಾದೆ ಕಳೆದುಕೊಳ್ಳುವುದು ಹೇಗೆಂದು ಆ ಮನೆಯ ಹೆಂಗಸರು ಅಡುಗೆಮನೆಯಲ್ಲಿ ನೀರು ಕಾಯಿಸಿ, ಕೊಡದಲ್ಲಿ ಮಾಳಿಗೆಗೆ ಹೊತ್ತು, ಡ್ರಮ್ಮಿಗೆ ಸುರುವಿದರು. ಕೆಳಗೆ ನಳ ತಿರುಗಿಸಿದ ಕಾಕಾನ ಬೆನ್ನು ಸುಟ್ಟಿತು. "ಸೂರ್ಯನ ಶಕ್ತಿ ಅಂದ್ರ ಇದು" ಎಂದು ಅವನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಕೊಡ ಹೊತ್ತ ಹೆಂಗಸರಲ್ಲಿ ಒಬ್ಬಳು ಒಂದು ಮದುವೆಯಲ್ಲಿ ಅವ್ವನಿಗೆ ಗುಟ್ಟು ಹೇಳಿದ್ದರಿಂದ ನಮಗೆ ಇದು ತಿಳಿಯಿತು. ಕಾಕಾನಿಗೆ ನಾವು ಹೇಳಲಿಲ್ಲ.

ಎಲ್ಲ ಮನೆಯಲ್ಲೂ ಇವರಿಗೇ ಮೊದಲ ನೀರಾದ್ದರಿಂದ ಎಲ್ಲ ಮನೆಯ ನೀರೂ ಬೆಂಕಿಯೇ. ಯಾವುದನ್ನು ಆರಿಸುವುದು? ಕಡೆಗೆ ಹಿರೇಕೆರೂರಿನ ಗೆಳೆಯರೊಬ್ಬರ ಮನೆಯಲ್ಲಿ ದಾರಿ ಸಿಕ್ಕಿತು. ಅಲ್ಲಿ ಬಂಬದಿಂದ ಒಂದು ಪೈಪು ಅಟ್ಟದ ಡ್ರಮ್ಮಿಗೆ ಏರುತ್ತಿತ್ತು, ಇನ್ನೊಂದು ಇಳಿದು ಬಂಬಕ್ಕೇ ಬರುತ್ತಿತ್ತು. ಕಾದ ನೀರು ಮೇಲೇರಿದಂತೆ ತಣ್ಣೀರು ಕೆಳಗಿಳಿದು, ನೀರು ತನ್ನಷ್ಟಕ್ಕೆ ತಿರುಗುತ್ತಲೇ ಇರುವುದು. ಕಾಕಾ ಪೈಪನ್ನು ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸಿ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದು ಮನೆಮಂದಿಗೆಲ್ಲ ತೋರಿಸಿದ. ಅಪ್ಪ ಅವ್ವನಿಗೆ, "ಇನ್ನ ನೀರು ಆರೋ ಮಾತ ಇಲ್ಲ ನೋಡು. ತಿರುಗತಾನ ಇರ್ತೈತಿ" ಎಂದ. ಅವ್ವನ ಮುಖ ಅರಳಿದ್ದು ಕಂಡು ನನಗೂ ಆಸೆಯಾಯಿತು.

ಹುಬ್ಬಳ್ಳಿಯಿಂದ ನಳದ ಕೆಲಸದವನು ಬಂದು, ಹಂಡೆ ಇಳಿಸಿ, ನಮ್ಮ ಬಚ್ಚಲಿನಲ್ಲೂ ಬಂಬ, ಅಟ್ಟದ ಡ್ರಮ್ಮು, ಪೈಪು ಎಲ್ಲ ಜೋಡಿಸಿದ. ಆಗ ಅಜ್ಜಿ ತಕರಾರು ತೆಗೆದಳು. "ತಣ್ಣೀರು ಎಲ್ಲೆ ಸುರುವೋದು?" ಡ್ರಮ್ಮನ್ನು ದಿನಕ್ಕೊಮ್ಮೆ ತುಂಬಿದರೆ ಸಾಕೆಂದು ಕಾಕಾ ತಿಳಿಸಿ ಹೇಳಿದ. ಅಜ್ಜಿಗೆ ಕಾಯಿದೆ ಎಂದರೆ ಕಾಯಿದೆ. ಡ್ರಮ್ಮಿನ ಬಾಯಿಗೆ ಲಾಳಿಕೆ ಇಟ್ಟು, ಗೋಡೆಗೆ ಏಣಿ ಹಚ್ಚಲಾಯಿತು. ಜಳಕ ಮುಗಿಸಿದವರು ಒದ್ದೆ ಪಂಚೆಯಲ್ಲೇ ಬಕೀಟು ಹಿಡಿದು ಏಣಿ ಹತ್ತಿ, ತಣ್ಣೀರು ಸುರುವಿ ಇಳಿಯಬೇಕು. ಅಜ್ಜಿ ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದಳು. ಊರಿನಲ್ಲಿ ನಾಲ್ಕು ಜನ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ ಅಪ್ಪ, ದಿನಾ ಮುಂಜಾನೆ ನಡುಗುತ್ತ ಏಣಿಯ ಮೇಲೆ ನಿಂತಿರುವುದನ್ನು ನೋಡಿ ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಸುದ್ದಿ ಹಬ್ಬಿತು. ತಡಸದಿಂದ, ದುಂಡಸಿಯಿಂದ ಪರಿಚಯದವರು, ಪರಿಚಯದವರ ಪರಿಚಯದವರು ಟವೆಲು ಹಿಡಿದು ಬಸ್ಸಿಳಿದರು. "ಬರ್ರಿ, ಮೊದಲ ನೀವ ಮಾಡ್ರಿ" ಎಂದು ಅಪ್ಪ ಅವರನ್ನು ಬಚ್ಚಲಿಗೆ ಕಳಿಸುತ್ತಿದ್ದ. ಬಂದವರೂ ಏಣಿ ಹತ್ತಿದರು. ಅವ್ವನ ಸರದಿ ಇನ್ನೂ ಹಿಂದಕ್ಕೆ ಹೋಯಿತು. ಹಂಡೆಯಿದ್ದಾಗ ನೀರಿನ ಚಳಿಯಾದರೂ ಮುರಿದಿರುತ್ತಿತ್ತು. ಈಗ ಬಂಬದ ಕೆಂಡವೂ ಇಸ್ತ್ರಿ ಪೆಟ್ಟಿಗೆಗೆ ಹೋಗಿ, ಬಾವಿಯ ನೀರೇ ಪೈಪು ಸುತ್ತಿ ಬರುತ್ತಿತ್ತು. ಬಂದವರ ಮುಂದೆ ಅಪ್ಪ, "ಹೆಂಗೈತಿ ನೀರು?" ಎಂದು ಅವಳನ್ನು ಕೇಳಿದರೆ "ಛಲೋ ಐತ್ರಿ" ಎನ್ನುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ದಿನ ಅಪ್ಪ ವ್ಯಾಪಾರಕ್ಕೆಂದು ಹಾನಗಲ್ಲಿನಲ್ಲಿ ಉಳಿದು, ಮರುದಿನ ಹೊತ್ತೇರಿದ ಮೇಲೆ ಬಂದ. ಸೀರೆ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದ ಅವ್ವ ಅವನನ್ನು ಕಂಡು ಬದಿಗೆ ಸರಿದಳು. ತಣ್ಣೀರು ಮೈಗೆ ಬಿದ್ದು ಒಳಗಿನಿಂದ ಅಪ್ಪ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಪೈಪು ಕೆಟ್ಟಿದೆ ಎಂದು ತೀರ್ಮಾನವಾಯಿತು. ನಳದವನನ್ನು ಮತ್ತೆ ಕರೆಸಿದರು. ಅವನು ಎಲ್ಲ ಬಿಚ್ಚಿ, ಪೈಪಿನಲ್ಲಿ ಊದಿ, ಮತ್ತೆ ಜೋಡಿಸಿದ. ಹೊಸ ಬೆಂಕಿ ಹಾಕಿ, ಅಪ್ಪನೇ ಮೊದಲು ಜಳಕ ಮಾಡಿ, "ಈಗ ಬರೋಬ್ಬರಿ ಆತು" ಎಂದ.

ಮುಂದೆ ಇನ್ನೊಮ್ಮೆ ಹಾಗೆಯೇ ತಡವಾಗಿ ಬಂದ. ಮತ್ತೆ ತಣ್ಣೀರು. ನಡುಗುತ್ತ ಹೊರಗೆ ಬಂದು ನಳದವನ ಏಳು ತಲೆಮಾರನ್ನು ಬಯ್ಯತೊಡಗಿದ. ಹೆಗಲ ಮೇಲೆ ಸೀರೆ ಹಾಕಿಕೊಂಡು ನಿಂತಿದ್ದ ಅವ್ವ ತಣ್ಣಗೆ ಹೇಳಿದಳು: "ಪೈಪು ಕೆಟ್ಟಿಲ್ರಿ. ಕಡೀಕ ಹೋದವರಿಗೆ ನೀರು ಹಿಂಗ ಇರ್ತೈತಿ. ಹಂಡೆ ಇದ್ದಾಗೂ ಹಿಂಗ ಇತ್ತು."

"ಕಡೀಕ ಯಾರು ಹೋಗ್ತಾರ?" ಎಂದ ಅಪ್ಪ. ಅವನು ನಿಜಕ್ಕೂ ಗೊತ್ತಿಲ್ಲದೆ ಕೇಳಿದ. ನನ್ನ ಮೈಯೆಲ್ಲ ಉರಿದುಹೋಯಿತು. ಅವ್ವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಮುಚ್ಚಿದ ಬಾಗಿಲನ್ನು ನೋಡುತ್ತ ಒದ್ದೆ ಮೈಯಲ್ಲೇ ಬಹಳ ಹೊತ್ತು ನಿಂತ. ಅಜ್ಜಿಯೂ ನಿಂತಳು.

ಮರುದಿನ ಬೆಳಕು ಹರಿಯುವ ಮುಂಚೆ ಅಪ್ಪನೇ ಬಂಬಕ್ಕೆ ಬೆಂಕಿ ಹಾಕಿದ. ರೊಟ್ಟಿ ಹಿಟ್ಟಿಗೆ ಕೈ ಹಾಕಲಿದ್ದ ಅವ್ವನನ್ನು ಕರೆದು, "ನೀ ಮೊದಲ ಹೋಗು" ಎಂದ. ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೂಂ ಎಂದು ತಲೆಯಾಡಿಸಿದಳು. ನಾವೆಲ್ಲ ಹಿತ್ತಲಲ್ಲಿ ಟವೆಲು ಹಿಡಿದು ಸಾಲಾಗಿ ನಿಂತೆವು. ನೀರು ಸುರಿಯುವ ಸದ್ದು ಕೇಳಿತು. ಬಚ್ಚಲ ಸಂದಿಯಿಂದ ಹಬೆ ಬಂತು. ಅಷ್ಟರಲ್ಲೇ ಬಾಗಿಲು ತೆರೆದು, ತಲೆಗೆ ವಸ್ತ್ರ ಕಟ್ಟಿಕೊಂಡ ಅವ್ವ ಹೊರಗೆ ಬಂದುಬಿಟ್ಟಳು.

"ಇಷ್ಟು ಲಗೂನ ಯಾಕ ಬಂದಿ? ಆರಿತ್ತೇನು?" ಎಂದ ಅಪ್ಪ.

"ಇಲ್ರಿ, ಭಾಳ ಬಿಸಿ ಇತ್ತು," ಎಂದಳು ಅವ್ವ. ಆಮೇಲೆ, ಏನೋ ತಪ್ಪು ಮಾಡಿದವಳಂತೆ, "ಬಿಸಿನೀರಾಗ ಎಷ್ಟೊತ್ತು ಇರಬೇಕು ಅನ್ನೋದು ನನಗ ಗೊತ್ತಾಗ್ಲಿಲ್ರಿ" ಎಂದಳು.

ಅಜ್ಜಿ ಅವಳ ರಟ್ಟೆ ಹಿಡಿದು ಬಾಗಿಲ ಕಡೆ ತಿರುಗಿಸಿ, "ಹೊಳ್ಳಿ ಹೋಗವ್ವ. ನಾವು ನಿಲ್ತೇವಿ" ಎಂದಳು.

ಅವ್ವ ಮತ್ತೆ ಒಳಗೆ ಹೋದಳು. ನಾವು ನಿಂತೆವು.