ಅಪ್ಪ ಕೂಸಿನ ಬಟ್ಟೆ ಒಗೆದ ದಿನ

ನಾನು ಚಿಕ್ಕವನಿದ್ದಾಗ ನನಗೆ ಎಲ್ಲಿಲ್ಲದ ಸಿಟ್ಟಿದ್ದದ್ದು ದೊಡ್ಡಪ್ಪನ ಮೇಲೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಮಕ್ಕಳೇ.

ಕೊಟ್ಟೂರಿನಲ್ಲಿ ದೊಡ್ಡಪ್ಪನದು ಗಾದಿ ಅಂಗಡಿ. ಅಪ್ಪ ಅಲ್ಲೇ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಸಂಜೆ ಮನೆಗೆ ಬಂದಾಗ ಹತ್ತಿಯ ಧೂಳಿಗೆ ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗಿ ಮುದುಕನಂತೆ ಕಾಣುತ್ತಿದ್ದ. ಒಂದು ವರ್ಷ ನನಗೆ ತಂಗಿ ಹುಟ್ಟಿದಳು. ಹುಟ್ಟಿದ ಕೂಸಿಗೆ ನಮ್ಮಲ್ಲಿ ಮಾಡುವಂತೆ, ಅವಳ ಕಿವಿಯಲ್ಲಿ ಅಪ್ಪನೇ ಅಜಾನ್, ಅಂದರೆ ನಮಾಜಿನ ಕರೆ, ಹೇಳಿದ. ಆಮೇಲೆ ಅವ್ವ ಜ್ವರ ಬಂದು ಮಲಗಿದವಳು ಏಳಲಾರದಂತಾದಳು. ಅಪ್ಪ ಅಂಗಡಿ ಬಿಟ್ಟು ಮನೆಯಲ್ಲೇ ಉಳಿದ. ಗಂಜಿ ಕಾಸಿದ, ಅಕ್ಕನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ. ಜಡೆ ಒಂದು ಕಡೆಗೆ ವಾಲುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಮನೆ ಮುಂದಿನ ಕಲ್ಲಿನ ಮೇಲೆ ಕೂಸಿನ ಬಟ್ಟೆ ಒಗೆಯುತ್ತಿದ್ದ. ಸವಳು ನೀರಿಗೆ ಸಾಬೂನು ನೊರೆ ಬಿಡದು, ಉಜ್ಜುತ್ತಲೇ ಇದ್ದ. ಓಣಿಯ ಗಂಡಸರು ನಿಂತು ನಕ್ಕರು. "ಇವಗ ಸೀರಿ ಉಡಸ್ರಪ" ಅಂದ ಒಬ್ಬ. ಅಷ್ಟರಲ್ಲಿ ದೊಡ್ಡಪ್ಪ ಬಂದ. ಬಂದವನೇ ಬಕೀಟಿಗೆ ಒದ್ದ. ಒಗೆದ ಬಟ್ಟೆಗಳೆಲ್ಲ ಮಣ್ಣಿನಲ್ಲಿ ಹೊರಳಿದವು.

"ನಾಚಿಕಿ ಐತೇನಲೇ ನಿನಗ? ಮದ್ವಿ ದಿನದಾಗ ಗಾದಿ ಕೆಲ್ಸ ಬಿಟ್ಟು ಉಚ್ಚಿ ಅರಿವಿ ಒಗ್ಯಾಕ ಕುಂತೀಯಲ್ಲ! ಕಿವ್ಯಾಗ ಅಜಾನ್ ಹೇಳಿದಿ, ಅಪ್ಪನ ಕೆಲ್ಸ ಅಲ್ಲಿಗಿ ಮುಗೀತು. ದೊಡ್ಡ ಮಗಳು ಅದಾಳಲ್ಲ, ಸಾಲಿ ಬಿಡಿಸು. ಅಕಿ ನೋಡ್ಕೆಂತಾಳ."

ಅಕ್ಕ ಪಾಟಿಚೀಲವನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅಣ್ಣನಿಗೆ ಎಂದೂ ಎದುರಾಡದ ಅಪ್ಪ ಅವತ್ತು ಎದ್ದು ನಿಂತ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಜಾನ್ ಹೇಳಿದ್ದು ಸುರುವಾತಿಗಣ್ಣಾ, ಮುಗ್ಸಾಕಲ್ಲ. ಪೈಗಂಬರರು ಮನಿಗೆಲ್ಸ ಮಾಡ್ತಿದ್ರಂತ ನಾ ಸಣ್ಣಾವಿದ್ದಾಗ ನೀನ ಹೇಳಿದಿ. ಈಗ ನಾ ಮಾಡಿದ್ರ ನಾಚಿಕಿ ಹೆಂಗಾತು? ಅಕಿ ಸಾಲಿ ಬಿಡಂಗಿಲ್ಲ."

"ಹಂಗಾರ ನನ್ನ ಅಂಗಡಿ ಮೆಟ್ಲ ಹತ್ತಬ್ಯಾಡ."

"ಹತ್ತಂಗಿಲ್ಲ ಬಿಡು."

ದೊಡ್ಡಪ್ಪ ಕ್ಯಾಕರಿಸಿ ಉಗಿದು ಹೋದ. ನಾನು ಅವನ ಬೆನ್ನಿಗೆ ಗುರಿಯಿಟ್ಟು ಕಲ್ಲೆತ್ತಿದೆ. ಅಪ್ಪ ಅದನ್ನು ಕಿತ್ತುಕೊಂಡು ಎಸೆದ. "ಸಾಲಿಗೆ ಹೊತ್ತಾತು, ನಡಿಯವ್ವ" ಎಂದು ಅಕ್ಕನನ್ನು ಕಳಿಸಿ, ಮಣ್ಣಾದ ಬಟ್ಟೆಗಳನ್ನು ಮತ್ತೆ ಒಗೆಯಲು ಕೂತ.

ಅವ್ವ ನಿಧಾನಕ್ಕೆ ಚೇತರಿಸಿಕೊಂಡಳು. ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹಂಪಸಾಗರ, ಹಿರೇಹಡಗಲಿ ಎಂದು ಊರೂರು ತಿರುಗಿ ಗಾದಿ ಹೊಲಿದ. ಅಕ್ಕ ಓದಿ ನರ್ಸ್ ಆದಳು. ದೊಡ್ಡಪ್ಪ ಮಾತ್ರ ಸಾಯುವತನಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ಈದ್ ನಮಾಜು ಮುಗಿದು ಎಲ್ಲರೂ ಅಪ್ಪಿಕೊಳ್ಳುವಾಗ ಅಪ್ಪ ಕೈ ಚಾಚಿದರೆ ಮುಖ ತಿರುವಿಕೊಂಡು ಹೋಗುತ್ತಿದ್ದ.

ಇವತ್ತು ಬೆಳಿಗ್ಗೆ ನಿಮ್ಮಪ್ಪ ನಿಮ್ಮ ಪುಟ್ಟ ತಮ್ಮನಿಗೆ ಸ್ನಾನ ಮಾಡಿಸಿ, ಅಂಗಿ ತೊಡಿಸಿ, ಉಣ್ಣಿಸಿ ಕೆಲಸಕ್ಕೆ ಹೋದ. ಓಣಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ನೀವೂ ನೋಡಲಿಲ್ಲ. ನಾನು ಮಾತ್ರ ಕಣ್ಣು ತೆಗೆಯದೆ ನೋಡುತ್ತ ಕೂತಿದ್ದೆ. ಇಷ್ಟನ್ನೇ ಮಾಡಿದ್ದಕ್ಕೆ ನಿಮ್ಮ ಮುತ್ತಜ್ಜ ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡ.